ಹಸು ಹುಲ್ಲು ತಿನ್ನುತ್ತದೆಯೆ?

ಮಹಾನವಮಿಯ ಮಧ್ಯಾಹ್ನ. ಇಲ್ಲಿ ಬಾಲಿಗಂಜಿನಲ್ಲಿ ನಾನು ಬಾಡಿಗೆಗಿರುವ ಓಣಿಯ ಪೂಜಾ ಪೆಂಡಾಲಿನ ಹಿಂದೆ ಒಬ್ಬ ಹೆಂಗಸು, ಉಳಿದುಹೋದ ಭೋಗದ ಖಿಚುಡಿಯನ್ನು ಎರಡು ಬಕೆಟ್ಟಿನ ತುಂಬ ತಂದು ಒಂದು ಬಿಳಿ ಹಸುವಿನ ಮುಂದೆ ಸುರಿಯಲು ಹೊರಟಿದ್ದರು. ನಾನು ನನ್ನ ಮುರುಕು ಬಂಗಾಳಿಯಲ್ಲಿ "ಮಾಸಿ, ಅತೋ ದೇಬೇನ್ ನಾ" ಅಂದೆ. ಅಷ್ಟೊಂದು ಕೊಡಬೇಡಿ ಅಂತ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಗೋರು ಖಾಬೇ ನಾ ತೋ ಕೇ ಖಾಬೇ?" ಅಂದರು. ಹಸು ತಿನ್ನದೆ ಮತ್ತೆ ಯಾರು ತಿನ್ನಬೇಕು?

ಅವರ ಪ್ರಶ್ನೆ ನ್ಯಾಯವಾದದ್ದೆ. ಭತ್ತದ ಒಣಹುಲ್ಲು ತಿಂದು ಅರಗಿಸಿಕೊಳ್ಳುವ ಪ್ರಾಣಿಗೆ ಅದೇ ಭತ್ತದ ಅನ್ನ ಏಕೆ ಆಗಬಾರದು? ಕಲ್ಲು ಅರಗಿಸಿಕೊಂಡವನಿಗೆ ಬೆಣ್ಣೆ ಅರಗುವುದಿಲ್ಲ ಅಂದ ಹಾಗಾಯಿತು. ಆದರೆ ಅಷ್ಟೊಂದು ಅನ್ನ ಹಸುವನ್ನು ಕೊಲ್ಲಬಹುದು. ಕೊಂದದ್ದನ್ನು ನಾನು ನಮ್ಮ ಮನೆಯ ಕೊಟ್ಟಿಗೆಯಲ್ಲೆ ಕಂಡಿದ್ದೇನೆ. ಆ ಕತೆ ಆಮೇಲೆ. ಅದು ಅರ್ಥವಾಗಬೇಕಾದರೆ ಮೊದಲು ಹುಲ್ಲಿನ ವಿಷಯ ತಿಳಿಯಬೇಕು. ಮಾಸಿಗೆ ಬಂಗಾಳಿಯಲ್ಲಿ ಹೇಳಲಾಗದ್ದನ್ನು ನಿಮಗೆ ಕನ್ನಡದಲ್ಲಿ ಹೇಳುತ್ತೇನೆ.

ಅನ್ನದಲ್ಲೂ ಹುಲ್ಲಿನಲ್ಲೂ ಹೆಚ್ಚಾಗಿ ಇರುವುದು ಒಂದೇ ಸಕ್ಕರೆ, ಗ್ಲೂಕೋಸು. ಸಾವಿರಾರು ಗ್ಲೂಕೋಸುಗಳನ್ನು ಸರಪಳಿಯ ಹಾಗೆ ಕೊಂಡಿ ಹಾಕಿದರೆ ಅನ್ನದ ಪಿಷ್ಟವೂ ಆಗುತ್ತದೆ, ಹುಲ್ಲಿನ ಸೆಲ್ಯುಲೋಸೂ ಆಗುತ್ತದೆ. ವ್ಯತ್ಯಾಸವೆಲ್ಲ ಕೊಂಡಿಯಲ್ಲಿದೆ. ಪಿಷ್ಟದಲ್ಲಿ ಗ್ಲೂಕೋಸುಗಳೆಲ್ಲ ಒಂದೇ ಕಡೆಗೆ ಮುಖ ಮಾಡಿ ನಿಂತಿವೆ. ಸರಪಳಿ ಸುರುಳಿ ಸುತ್ತಿಕೊಳ್ಳುತ್ತದೆ, ನೀರು ಒಳಗೆ ನುಗ್ಗುತ್ತದೆ, ನಮ್ಮ ಬಾಯಿಯ ಜೊಲ್ಲೇ ಅದನ್ನು ಕತ್ತರಿಸಲು ಶುರುಮಾಡುತ್ತದೆ. ಸೆಲ್ಯುಲೋಸಿನಲ್ಲಿ ಒಂದು ಬಿಟ್ಟು ಒಂದು ಮಗುಚಿಕೊಂಡಿವೆ. ಆದ್ದರಿಂದ ಸರಪಳಿ ನೆಟ್ಟಗೆ ನಿಲ್ಲುತ್ತದೆ. ಪಕ್ಕಪಕ್ಕದ ಸರಪಳಿಗಳು ಹೊಸೆದ ಹಗ್ಗದಂತೆ ಒತ್ತಾಗಿ ಅಂಟಿಕೊಳ್ಳುತ್ತವೆ. ಹತ್ತಿಯ ಪಂಚೆ ಬಹುಪಾಲು ಸೆಲ್ಯುಲೋಸು. ನೀವು ಕೈಯಲ್ಲಿ ಹಿಡಿದಿರುವ ಈ ಕಾಗದವೂ ಅದೇ. ಬೀದಿಯ ಹಸು ಗೋಡೆಯ ಸಿನಿಮಾ ಪೋಸ್ಟರು ಕಿತ್ತು ತಿಂದರೆ ನಗಬೇಡಿ, ಅದರ ಲೆಕ್ಕಕ್ಕೆ ಅದು ಹುಲ್ಲೇ. ಹಿಂದಿನ ಮೈದಾಹಿಟ್ಟಿನ ಅಂಟು ಉಪ್ಪಿನಕಾಯಿ.

ಈ ಮಗುಚಿದ ಕೊಂಡಿಯನ್ನು ಕತ್ತರಿಸುವ ಕಿಣ್ವವನ್ನು ಬೆನ್ನೆಲುಬಿರುವ ಯಾವ ಪ್ರಾಣಿಯೂ ತಾನಾಗಿ ತಯಾರಿಸಲಾರದು. ಮನುಷ್ಯನಿಗೆ ಆಗುವುದಿಲ್ಲ, ಆನೆಗೆ ಆಗುವುದಿಲ್ಲ, ಹಸುವಿಗೂ ಆಗುವುದಿಲ್ಲ. ಹಸು ಹುಲ್ಲನ್ನು ಕೀಳುತ್ತದೆ, ಜಗಿಯುತ್ತದೆ, ನುಂಗುತ್ತದೆ. ತಿನ್ನುವವರು ಬೇರೆ ಇದ್ದಾರೆ.

ಆ ಬೇರೆಯವರನ್ನು ನಾನು ಕಣ್ಣಾರೆ ಕಂಡದ್ದು ಬಾಲಿಗಂಜ್ ಸರ್ಕ್ಯುಲರ್ ರಸ್ತೆಯ 35ನೆಯ ನಂಬರಿನ ವಿಜ್ಞಾನ ಕಾಲೇಜಿನಲ್ಲಿ. ಕಲ್ಕತ್ತಾ ವಿಶ್ವವಿದ್ಯಾಲಯದ ಈ ಆವರಣಕ್ಕೆ, ಜಾಗವನ್ನು ದಾನವಾಗಿ ಕೊಟ್ಟ ತಾರಕನಾಥ ಪಾಲಿತರ ಹೆಸರಿದೆ. ಪ್ರಾಣಿಶಾಸ್ತ್ರದ ನಾವು ನಾಲ್ಕು ಜನ ಬೆಳಿಗ್ಗೆ ಬೇಗನೆ ಮಾಂಸದ ಅಂಗಡಿಗೆ ಹೋದೆವು. ಅಂಗಡಿಯ ಮುಂದೆ ಇನ್ನೂ ಸರದಿ ಬರದ ಆಡುಗಳು ಹಲಸಿನ ಸೊಪ್ಪು ಮೇಯುತ್ತ ನಿಂತಿದ್ದವು. ಇಲ್ಲಿ ಆಡಿಗೆ ಹಲಸಿನ ಸೊಪ್ಪನ್ನು ಕಟ್ಟು ಕಟ್ಟಿ ಮಾರುತ್ತಾರೆ. ಆಗತಾನೆ ಕಡಿದ ಆಡಿನ ದೊಡ್ಡ ಹೊಟ್ಟೆಯ ರಸವನ್ನು ಬಿಸಿನೀರಿನಲ್ಲಿ ತೊಳೆದಿಟ್ಟಿದ್ದ ಥರ್ಮಾಸ್ ಫ್ಲಾಸ್ಕಿಗೆ ಕುತ್ತಿಗೆಯವರೆಗೆ ತುಂಬಿಸಿ, ಗಾಳಿಗೆ ಜಾಗವಿಲ್ಲದಂತೆ ಬಿರಡೆ ಹಾಕಿಕೊಂಡು ಬಂದೆವು. ಗಾಳಿ ಸೋಕಿದರೆ ಅವು ಬದುಕವು, ತಣ್ಣಗಾದರೆ ಅಲುಗವು. ಸ್ಲೈಡನ್ನೂ ಬೆಚ್ಚಗೆ ಮಾಡಿಕೊಳ್ಳಬೇಕು.

ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಾಗ ನನಗೆ ನೆನಪಾದದ್ದು ನಮ್ಮೂರ ಶನಿವಾರದ ಸಂತೆ. ನಿಂತವರು ಒಬ್ಬರಿಲ್ಲ. ಮೊಟ್ಟೆಯಾಕಾರದವು, ಬಾಲದ ಹಾಗೆ ಮುಳ್ಳು ಇರುವವು, ಒಂದು ತುದಿಯಲ್ಲಿ ಕೂದಲಿನ ಕುಚ್ಚು ಬೀಸಿಕೊಂಡು ಓಡುವವು. ಒಂದರ ಹೊಟ್ಟೆಯೊಳಗೆ ತನಗಿಂತ ಉದ್ದವಾದ ನಾರಿನ ಚೂರು ಮಡಿಸಿಕೊಂಡು ಕೂತಿತ್ತು. ಇವು ಪ್ರೊಟೊಜೋವಾಗಳು. ಎಂಟೊಡಿನಿಯಂ, ಡಿಪ್ಲೊಡಿನಿಯಂ, ಎಪಿಡಿನಿಯಂ ಅಂತ ಹೆಸರುಗಳು. ಗ್ರೂಬಿ ಮತ್ತು ದೆಲಾಫಾಂ ಎಂಬಿಬ್ಬರು 1843ರಲ್ಲೆ ಇವನ್ನು ಕಂಡು ಬರೆದಿದ್ದರು. ಒಂದು ಮಿಲಿಲೀಟರಿನಲ್ಲಿ ಲಕ್ಷದಿಂದ ಹತ್ತು ಲಕ್ಷದವರೆಗೆ ಇರುತ್ತವೆ. ನಮ್ಮ ಕಣ್ಣಿಗೆ ಬರಿಯ ಧೂಳಿನಂತೆ ಕಂಡ ಬ್ಯಾಕ್ಟೀರಿಯಾಗಳು ಅದೇ ಒಂದು ಮಿಲಿಲೀಟರಿನಲ್ಲಿ ಸಾವಿರ ಕೋಟಿಗೂ ಮೇಲೆ. ನಿಜವಾದ ಹುಲ್ಲುಗಳ್ಳರು ಈ ಧೂಳಿನವರೆ. ಫೈಬ್ರೊಬ್ಯಾಕ್ಟರ್, ರೂಮಿನೊಕಾಕಸ್ ಎಂಬ ಜಾತಿಯವು ನಾರಿಗೆ ಜಿಗಣೆಯಂತೆ ಅಂಟಿಕೊಂಡು, ಮಗುಚಿದ ಕೊಂಡಿಯನ್ನು ಒಂದೊಂದಾಗಿ ಬಿಡಿಸುತ್ತವೆ.

ಇವರ ನಡುವೆ ಮೂರನೆಯವರೊಬ್ಬರು ಬಹುಕಾಲ ವೇಷ ಮರೆಸಿಕೊಂಡಿದ್ದರು. ರಸದಲ್ಲಿ ಬಾಲ ಬಡಿಯುತ್ತ ಈಜುವ ಕೆಲವು ಕಣಗಳನ್ನು ವಿದ್ವಾಂಸರು ಪ್ರೊಟೊಜೋವಾ ಅಂತಲೆ ಬರೆದುಕೊಂಡು ಬಂದಿದ್ದರು. ಇಂಗ್ಲೆಂಡಿನ ಕಾಲಿನ್ ಆರ್ಪಿನ್ 1975ರಲ್ಲಿ, ಅವು ಪ್ರೊಟೊಜೋವಾ ಅಲ್ಲ, ಬೂಷ್ಟಿನ ಬೀಜಕಣಗಳು ಅಂತ ತೋರಿಸಿದರು. ಬೂಷ್ಟಿಗೆ ಗಾಳಿ ಬೇಕೇ ಬೇಕು ಎಂದು ನಂಬಿದ್ದ ಕಾಲ ಅದು. ಒಪ್ಪಿಕೊಳ್ಳಲು ಜನ ಸ್ವಲ್ಪ ತಿಣುಕಿದರು. ಈ ಬೂಷ್ಟು ಒಣಹುಲ್ಲಿನ ಕಡ್ಡಿಯೊಳಗೆ ಬೇರು ಇಳಿಸಿ ಸೀಳುತ್ತದೆ, ಬಂಡೆಗೆ ಅರಳಿ ಸಸಿ ಬೇರು ಬಿಟ್ಟ ಹಾಗೆ. ಸೀಳಿದ ಸಂದಿಯಲ್ಲಿ ಬ್ಯಾಕ್ಟೀರಿಯಾ ನುಗ್ಗುತ್ತವೆ. ಗಾಳಿ ಸೋಕಿದರೆ ಸಾಯುವ ಇವರನ್ನೆಲ್ಲ ಪ್ರಯೋಗಶಾಲೆಯ ನಳಿಕೆಯಲ್ಲಿ ಬೆಳೆಸುವ ಉಪಾಯವನ್ನು ಕಂಡುಕೊಟ್ಟವರು ಅಮೆರಿಕದ ರಾಬರ್ಟ್ ಹಂಗೇಟ್. ರೂಮೆನ್ನಿನ ಸೂಕ್ಷ್ಮಜೀವಿಗಳ ಬಗ್ಗೆ ಅವರು ಬರೆದ ಗ್ರಂಥ 1966ರದು.

ರೂಮೆನ್ ಅಂದೆನಲ್ಲ, ಅದೇ ಆ ದೊಡ್ಡ ಹೊಟ್ಟೆ. ಬೋಟಿ ಗೊಜ್ಜು ತಿಂದವರಿಗೆ ಇದರ ಪರಿಚಯ ನನಗಿಂತ ಚೆನ್ನಾಗಿರುತ್ತದೆ. ಟವಲಿನ ಹಾಗೆ ಜುಂಜುಜುಂಜಾಗಿರುವುದು ರೂಮೆನ್ನಿನ ಗೋಡೆ. ಜೇನುಹುಟ್ಟಿನ ಹಾಗಿರುವುದು ಅದರ ಪಕ್ಕದ ರೆಟಿಕ್ಯುಲಂ. ಪುಸ್ತಕದ ಹಾಳೆ ಜೋಡಿಸಿದಂತಿರುವುದು ಒಮೇಸಂ. ನಾಲ್ಕನೆಯದಾದ ಅಬೊಮೇಸಂ ಮಾತ್ರ ನಮ್ಮ ಜಠರದಂಥ ಜಠರ. ಸೀಮೆಹಸುವಿನ ರೂಮೆನ್ ನೂರು ಲೀಟರಿಗೂ ಮೇಲೆ ಹಿಡಿಯುತ್ತದೆ. ಹಸುವಿನ ಎಡಪಕ್ಕೆಯ ಹಿಂದೆ ಕೈ ಒತ್ತಿ ನಿಂತರೆ, ನಿಮಿಷಕ್ಕೆ ಒಂದೆರಡು ಸಲ ಅದು ಒಳಗೆ ಕಲಕುವುದು ಕೈಗೆ ತಿಳಿಯುತ್ತದೆ.

ಹಾಗಾದರೆ ಹಸುವಿನ ಕೆಲಸವೇನು? ಯಜಮಾನಿಕೆ ಅಂದುಕೊಂಡಿದ್ದೆವು, ನೋಡಿದರೆ ಊಳಿಗ. ಒಲೆ ಆರದಂತೆ 39 ಡಿಗ್ರಿಯಲ್ಲಿ ಬೆಚ್ಚಗಿಡಬೇಕು. ಗಾಳಿ ಹೋಗದಂತೆ ಮುಚ್ಚಿಡಬೇಕು. ಹುಲ್ಲು ತಂದು ಹಾಕಬೇಕು, ಹಾಕಿದ್ದನ್ನು ಮತ್ತೆ ಬಾಯಿಗೆ ತಂದು ನುಣ್ಣಗೆ ಅರೆದು ಕೊಡಬೇಕು. ನಾವು ಕನ್ನಡದ ವಿದ್ಯಾರ್ಥಿಗಳು 'ಹಳೆಯ ನೆನಪುಗಳನ್ನು ಮೆಲುಕು ಹಾಕಿದರು' ಅಂತ ಪ್ರತಿ ಬೀಳ್ಕೊಡುಗೆ ವರದಿಯಲ್ಲೂ ಬರೆಯುತ್ತೇವೆ. ಹಸು ಮೆಲುಕು ಹಾಕುವುದು ರುಚಿಯ ನೆನಪಿಗಲ್ಲ. ಒಳಗಿನವರಿಗೆ ಅಂಟಿಕೊಳ್ಳಲು ಹೆಚ್ಚು ಅಂಚು, ಹೆಚ್ಚು ಸಂದಿ ಸಿಗಲಿ ಅಂತ ದಿನಕ್ಕೆ ಏಳೆಂಟು ಗಂಟೆ ಅರೆಯುತ್ತದೆ. ಅರೆಯುವಾಗ ಸುರಿಯುವ ಜೊಲ್ಲು ದೊಡ್ಡ ಹಸುವಿನಲ್ಲಿ ದಿನಕ್ಕೆ ನೂರು ಲೀಟರಿಗೂ ಹೆಚ್ಚು. ಆ ಜೊಲ್ಲಿನ ತುಂಬ ಅಡಿಗೆ ಸೋಡದ ಗುಣ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇಷ್ಟು ಊಳಿಗಕ್ಕೆ ಸಂಬಳ ಏನು? ಹುಲ್ಲಿನ ಗ್ಲೂಕೋಸನ್ನು ಅವರು ಹಸುವಿಗೆ ಬಿಡುವುದಿಲ್ಲ, ತಾವೇ ತಿಂದುಬಿಡುತ್ತಾರೆ. ಗಾಳಿಯಿಲ್ಲದ ಜಾಗದಲ್ಲಿ ಪೂರ್ತಿ ಉರಿಸಲಾಗದೆ, ದೋಸೆಹಿಟ್ಟು ಹುಳಿಯುವ ಹಾಗೆ ಹುಳಿಸಿ ಆಮ್ಲ ಬಿಡುತ್ತಾರೆ: ಅಸಿಟಿಕ್, ಪ್ರೊಪಿಯೋನಿಕ್, ಬ್ಯುಟಿರಿಕ್. ಅವರ ಪಾಲಿಗೆ ಕಸವಾದದ್ದು ಹಸುವಿಗೆ ಊಟ. ಟವಲಿನ ಜುಂಜುಗಳೆಲ್ಲ ಅದನ್ನು ಹೀರಿ ರಕ್ತಕ್ಕೆ ಕೊಡುತ್ತವೆ. ಹಸುವಿನ ಶಕ್ತಿಯ ನೂರರಲ್ಲಿ ಎಪ್ಪತ್ತರಷ್ಟು ಪಾಲು ಈ ಮೂರು ಆಮ್ಲಗಳದು. ಪ್ರೊಪಿಯೋನಿಕ್ ಆಮ್ಲದಿಂದ ಯಕೃತ್ತು ಮತ್ತೆ ಗ್ಲೂಕೋಸು ಮಾಡಿಕೊಳ್ಳುತ್ತದೆ, ಹಾಲಿನ ಸಿಹಿ ಅದರಿಂದ. ಅಸಿಟಿಕ್ ಆಮ್ಲದಿಂದ ಹಾಲಿನ ಕೊಬ್ಬು. ಒಣಹುಲ್ಲು ಕಡಿಮೆ ಮಾಡಿ ಬರೀ ಬೂಸಾ, ಹಿಟ್ಟು ತಿನ್ನಿಸಿದರೆ ಡೈರಿಯಲ್ಲಿ ಫ್ಯಾಟು ಇಳಿಯುವುದು ಇದಕ್ಕೇ. ಹಾಲು ಹಾಕುವ ಹೆಂಗಸರಿಗೆ ಇದು ಗೊತ್ತು, ಕಾರಣ ಕೇಳಿದರೆ "ಹುಲ್ಲಿನಲ್ಲೇ ಕೆನೆ ಇರೋದು" ಅಂತಾರೆ. ಅದೇನೂ ತಪ್ಪು ಮಾತಲ್ಲ.

ಕೊನೆಗೆ ಹಸು ಆ ಒಕ್ಕಲುಗಳನ್ನೂ ಬಿಡುವುದಿಲ್ಲ. ರೂಮೆನ್ನಿನಿಂದ ತೊಳೆದುಕೊಂಡು ಮುಂದೆ ಹೋದವು ಅಬೊಮೇಸಮ್ಮಿನಲ್ಲಿ ಜೀರ್ಣವಾಗುತ್ತವೆ. ಹಸುವಿನ ಮಾಂಸಖಂಡಕ್ಕೂ ಹಾಲಿಗೂ ಬೇಕಾದ ಪ್ರೋಟೀನಿನ ದೊಡ್ಡ ಪಾಲು ಈ ಸತ್ತ ಸೂಕ್ಷ್ಮಜೀವಿಗಳದ್ದೆ. ಬ್ಯಾಕ್ಟೀರಿಯಾಗಳ ಗೋಡೆ ಒಡೆಯುವ ಲೈಸೋಜೈಮ್ ಎಂಬ ಕಿಣ್ವ ನಮ್ಮ ಕಣ್ಣೀರಿನಲ್ಲೂ ಇದೆ. ಹಸು ಅದನ್ನು ಜಠರದಲ್ಲಿ ಹೇರಳವಾಗಿ ಸುರಿಯುತ್ತದೆ. ಎಲೆ ತಿಂದು ಬದುಕುವ ನಮ್ಮ ಮುಸುವ ಕೂಡ ಹಸುವಿನಂತೆ ಹೊಟ್ಟೆಯ ಮುಂಭಾಗದಲ್ಲಿ ಹುಳಿಸುವ ಪ್ರಾಣಿ. ಈ ಎರಡಕ್ಕೂ ಹತ್ತಿರದ ನಂಟಿಲ್ಲ, ಆದರೂ ಎರಡರ ಲೈಸೋಜೈಮೂ ಆಮ್ಲದಲ್ಲಿ ಕೆಲಸ ಮಾಡುವಂತೆ ಒಂದೇ ಬಗೆಯಲ್ಲಿ ಬದಲಾಗಿದೆ ಅಂತ 1987ರಲ್ಲಿ ಗೊತ್ತಾಯಿತು. ಕುದುರೆಗೆ ಈ ಅನುಕೂಲವಿಲ್ಲ. ಬಾಲಿಗಂಜಿನ ಮೈದಾನದಲ್ಲಿ ಹಿಂದೆ ಗವರ್ನರ್ ಜನರಲನ ಅಂಗರಕ್ಷಕ ದಳದ ಕುದುರೆಗಳಿದ್ದವು. ಅವು ತಿಂದ ಹುಲ್ಲು ಹುಳಿಯುತ್ತಿದ್ದುದು ಸಣ್ಣ ಕರುಳು ದಾಟಿದ ಮೇಲೆ, ಹಿಂಭಾಗದ ಸಂಚಿಯಲ್ಲಿ. ಆಮ್ಲ ದಕ್ಕುತ್ತದೆ, ಸೂಕ್ಷ್ಮಜೀವಿಗಳ ಪ್ರೋಟೀನು ಬಹುಪಾಲು ಲದ್ದಿಯಲ್ಲಿ ಹೋಗಿಬಿಡುತ್ತದೆ.

ಈಗ ನಮ್ಮ ಕೊಟ್ಟಿಗೆಯ ಕತೆ.

2017ರ ಬೇಸಿಗೆ, ತುಮಕೂರು ಜಿಲ್ಲೆಯ ನಮ್ಮ ಊರಿನಲ್ಲಿ ಅಕ್ಕನ ಮದುವೆ. ಮಳೆ ಬಂದು ಜನ ಕಡಿಮೆಯಾದರು, ಅಡಿಗೆ ಉಳಿಯಿತು. ಅಜ್ಜಿಗೆ ಒಂದೇ ಹಟ, ಮನೆಯಲ್ಲಿ ಶುಭಕಾರ್ಯವಾದ ದಿನ ಮೂಕಪ್ರಾಣಿ ಒಣಹುಲ್ಲು ತಿನ್ನಬಾರದು. ದಿನಾ ಬೆಳಿಗ್ಗೆ ಮೊದಲ ತುತ್ತು ಹಸುವಿಗೆ ಇಡುತ್ತಿದ್ದವರು, ಆ ರಾತ್ರಿ ಕೆಂದಿಯ ಮುಂದೆ ಮಂಕರಿಗಟ್ಟಲೆ ಅನ್ನ ಸುರಿಸಿದರು, ಮೇಲೆ ಪಾಯಸ. ಹೊತ್ತು ತಂದು ಹಾಕಿದವನು ನಾನೆ. ಪಕ್ಕದಲ್ಲಿ ಕಟ್ಟಿದ್ದ ಎತ್ತು ರಾಮನಿಗೂ ಒಂದಿಷ್ಟು ಹಾಕಿದೆವು. ಕೆಂದಿ ಗೋದಲಿಯನ್ನು ನೆಕ್ಕಿ ನೆಕ್ಕಿ ಹೊಳೆಯುವ ಹಾಗೆ ಮಾಡಿತು. ನಮಗೆಲ್ಲ ತೃಪ್ತಿ.

ಬೆಳಿಗ್ಗೆ ನೋಡಿದರೆ ಕೆಂದಿ ಗೋದಲಿಗೆ ಬೆನ್ನು ಮಾಡಿ ನಿಂತಿದೆ. ಎಡಗಡೆ ಹೊಟ್ಟೆ ಉಬ್ಬಿದೆ, ಹಲ್ಲು ಕಡಿಯುತ್ತಿದೆ, ಉಸಿರಿನಲ್ಲಿ ಹುಳಿ ವಾಸನೆ. ಮೆಲುಕು ಇಲ್ಲ. ಹೊಟ್ಟೆ ತಣ್ಣಗಾಗಲಿ ಅಂತ ನಾವು ಬೊಂಬಿನ ಗೊಟ್ಟದಲ್ಲಿ ಮಜ್ಜಿಗೆ ಕುಡಿಸಿದೆವು. ಹುಳಿಗೆ ಹುಳಿ. ಮಧ್ಯಾಹ್ನದ ಹೊತ್ತಿಗೆ ನೀರಿನಂತೆ ಬೇಧಿ, ಅದರಲ್ಲಿ ಅನ್ನದ ಅಗುಳು. ಕಣ್ಣು ಒಳಗೆ ಹೋಯಿತು. ಬೇರೆ ಊರಿಗೆ ಹೋಗಿದ್ದ ಪಶುವೈದ್ಯರು ಬರುವಾಗ ಸಂಜೆ. ಕೆಂದಿ ಅಷ್ಟರಲ್ಲಿ ಕುತ್ತಿಗೆ ಪಕ್ಕಕ್ಕೆ ಮಡಿಸಿ ಮಲಗಿತ್ತು. ಡಾಕ್ಟರು ಎಡಪಕ್ಕೆಗೆ ಕಿವಿಗೊಟ್ಟು, "ಒಳಗೆ ಏನೂ ಕಲಕ್ತಾ ಇಲ್ಲ. ಅನ್ನ ಎಷ್ಟು ಹಾಕಿದ್ರಿ, ಅಜ್ಜಿ?" ಅಂದರು.

ಅಜ್ಜಿ, "ಒಂದು ತುತ್ತು, ಸ್ವಾಮಿ" ಅಂದರು.

ಡಾಕ್ಟರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಬೆಳಗಿನ ಜಾವ ಕೆಂದಿ ಸತ್ತಿತು.

ಒಳಗೆ ಏನಾಗಿತ್ತು ಅಂತ ನನಗೆ ತಿಳಿದದ್ದು ಎಷ್ಟೋ ಕಾಲದ ಮೇಲೆ, ಪುಸ್ತಕ ಓದಿ. ಅನ್ನದ ಪಿಷ್ಟ ಬಿಡಿಸಲು ಸುಲಭ. ರೂಮೆನ್ನಿನ ಮೂಲೆಯಲ್ಲಿ ಸುಮ್ಮನೆ ಬಿದ್ದಿರುವ ಸ್ಟ್ರೆಪ್ಟೊಕಾಕಸ್ ಬೋವಿಸ್ ಎಂಬ ಬ್ಯಾಕ್ಟೀರಿಯಾಕ್ಕೆ ಅದು ಸಿಕ್ಕಿದರೆ, ಅರ್ಧ ಗಂಟೆಯೊಳಗೆ ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಅದು ಬಿಡುವುದು ಲ್ಯಾಕ್ಟಿಕ್ ಆಮ್ಲ, ಮೊಸರಿನ ಹುಳಿ. ಮೊದಲು ಹೇಳಿದ ಮೂರು ಆಮ್ಲಗಳಿಗಿಂತ ಇದು ಬಹಳ ಖಾರವಾದ ಆಮ್ಲ. ಇತ್ತ ಅನ್ನವನ್ನು ಅರೆಯಬೇಕಾದ್ದಿಲ್ಲವಾದ್ದರಿಂದ ಮೆಲುಕಿಲ್ಲ. ಮೆಲುಕಿಲ್ಲದಿದ್ದರೆ ಸೋಡದ ಜೊಲ್ಲಿಲ್ಲ. ಪಿಎಚ್ ಆರರ ಮೇಲಿರಬೇಕಾದ್ದು ಐದಕ್ಕೂ ಕೆಳಗೆ ಇಳಿಯುತ್ತದೆ. ಹುಲ್ಲಿನ ಬ್ಯಾಕ್ಟೀರಿಯಾಗಳು, ಪ್ರೊಟೊಜೋವಾಗಳು, ಆ ಸಂತೆಯೆಲ್ಲ ಸಾಯುತ್ತದೆ. ಹುಳಿಗೆ ಜಗ್ಗದ ಲ್ಯಾಕ್ಟೊಬ್ಯಾಸಿಲಸ್‌ಗಳು ಆ ಮನೆಯನ್ನು ಆಕ್ರಮಿಸಿ ಇನ್ನಷ್ಟು ಹುಳಿ ಮಾಡುತ್ತವೆ. ಗಟ್ಟಿಯಾದ ಆ ಹುಳಿರಸ ರಕ್ತದಿಂದ ನೀರನ್ನು ಹೊಟ್ಟೆಗೆ ಸೆಳೆಯುತ್ತದೆ. ಹೊಟ್ಟೆಯ ತುಂಬ ನೀರಿಟ್ಟುಕೊಂಡೇ ಹಸು ನೀರಿಲ್ಲದೆ ಒಣಗುತ್ತದೆ. ಕಣ್ಣು ಒಳಗೆ ಹೋದದ್ದು ಅದಕ್ಕೆ. ಕೊನೆಗೆ ಆಮ್ಲ ರಕ್ತಕ್ಕೇ ಏರುತ್ತದೆ. ಕೆಂದಿಯ ಮೊದಲು ಕೆಂದಿಯ ಒಳಗಿನವರು ಸತ್ತರು.

ರಾಮ ಉಳಿಯಿತು. ಅದು ತಿಂದದ್ದು ಕಡಿಮೆ. ಡಾಕ್ಟರು ನಳಿಕೆ ಇಳಿಸಿ ಅಡಿಗೆ ಸೋಡ ಕದಡಿದ ನೀರು ಬಿಟ್ಟರು, ರಕ್ತನಾಳಕ್ಕೆ ಬಾಟಲಿ ಹಾಕಿದರು. ಆದರೂ ಮರುದಿನ ಹುಲ್ಲು ಮೂಸಿ ಸುಮ್ಮನಾಯಿತು. ಆಗ ಅವರು ಮಾಡಿದ್ದನ್ನು ನೋಡಿ ಊರಿನವರೆಲ್ಲ ಮೂಗು ಮುಚ್ಚಿಕೊಂಡರು. ಪಕ್ಕದ ಮನೆಯ ಗಟ್ಟಿ ಎತ್ತಿನ ಗಂಟಲಿಗೆ ನಳಿಕೆ ಇಳಿಸಿ, ಎರಡು ಮೂರು ಲೀಟರು ಹಸಿರು ರಸ ಎಳೆದು, ಬಟ್ಟೆಯಲ್ಲಿ ಸೋಸಿ, ಆರುವ ಮುಂಚೆ ರಾಮನ ಹೊಟ್ಟೆಗೆ ಬಿಟ್ಟರು. "ಹೆಪ್ಪು ಹಾಕ್ತಾ ಇದೀನಿ, ಅಷ್ಟೇ" ಅಂದರು. ಅಷ್ಟರಿಂದ ಅಜ್ಜಿಗೆ ಎಲ್ಲ ತಿಳಿಯಿತು ಅಂತ ಕಾಣುತ್ತದೆ, ಮತ್ತೆ ಪ್ರಶ್ನೆ ಕೇಳಲಿಲ್ಲ. ಮೂರನೆಯ ದಿನ ರಾಮ ಒಂದು ಹಿಡಿ ರಾಗಿಹುಲ್ಲು ಎಳೆದುಕೊಂಡು, ಮಧ್ಯಾಹ್ನ ಮಲಗಿ ದವಡೆ ಆಡಿಸಿತು. ಕರು ಹುಟ್ಟಿದಾಗ ಅದರ ಹೊಟ್ಟೆಯಲ್ಲೂ ಈ ಒಕ್ಕಲು ಇರುವುದಿಲ್ಲ. ತಾಯಿ ನೆಕ್ಕಿ, ತಾಯಿಯ ಗೋದಲಿಯ ಹುಲ್ಲು ಕಚ್ಚಿ, ಅದೂ ಹೀಗೇ ಹೆಪ್ಪು ಪಡೆಯುತ್ತದೆ.

ಕೆಂದಿ ಸತ್ತದ್ದಕ್ಕೆ ಅಜ್ಜಿ ಇವತ್ತಿಗೂ ಮದುವೆಗೆ ಬಂದವರ ದೃಷ್ಟಿಯನ್ನು ಬೈಯುತ್ತಾರೆ. ಬೆಳಗಿನ ತುತ್ತು ಮಾತ್ರ ನಿಂತಿಲ್ಲ. ಈಗ ಅದು ನಿಂಬೆಹಣ್ಣಿನ ಗಾತ್ರ.

ಬಂಗಾಳದ ಹಸುಗಳ ಪಾಡು ನಮ್ಮವಕ್ಕಿಂತ ಸ್ವಲ್ಪ ಕಷ್ಟದ್ದು. ನಮ್ಮ ಕಡೆ ರಾಗಿಹುಲ್ಲು, ಇಲ್ಲಿ ಭತ್ತದ ಹುಲ್ಲು, ಜೊತೆಗೆ ಸಾಸಿವೆ ಹಿಂಡಿ. ಭತ್ತದ ಹುಲ್ಲಿನಲ್ಲಿ ಮರಳಿನ ಅಂಶ ಜಾಸ್ತಿ, ಪ್ರೋಟೀನು ಬಹಳ ಕಡಿಮೆ; ಒಳಗಿನವರಿಗೆ ಮೈ ಬೆಳೆಸಲು ಸಾರಜನಕವೇ ಸಾಲದು. ಅದಕ್ಕೊಂದು ಉಪಾಯ ಇದೆ. 100 ಕಿಲೋ ಹುಲ್ಲಿಗೆ 4 ಕಿಲೋ ಯೂರಿಯಾವನ್ನು ಸುಮಾರು 50 ಲೀಟರು ನೀರಿನಲ್ಲಿ ಕರಗಿಸಿ ಚಿಮುಕಿಸಿ, ಗಾಳಿಯಾಡದಂತೆ ಮೂರು ವಾರ ಮುಚ್ಚಿಡುವುದು. ಹುಲ್ಲು ಮೆತ್ತಗಾಗುತ್ತದೆ, ಬ್ಯಾಕ್ಟೀರಿಯಾಗಳು ಆ ಸಾರಜನಕದಿಂದ ಪ್ರೋಟೀನು ಕಟ್ಟಿಕೊಳ್ಳುತ್ತವೆ. ಗೊಬ್ಬರದ ಚೀಲದಿಂದ ಹಾಲಿನವರೆಗೆ ದಾರಿ ಮಾಡುವವರು ಅವರೊಬ್ಬರೆ. ಆದರೆ ಅಳತೆ ತಪ್ಪಿದರೆ ಯೂರಿಯಾ ವಿಷ, ಎಳೆಗರುಗಳಿಗಂತೂ ಕೂಡದು. ಓದಿದ ಮಾತ್ರಕ್ಕೆ ಮನೆಯಲ್ಲಿ ಪ್ರಯೋಗ ಮಾಡಬೇಡಿ, ಪಶುವೈದ್ಯರನ್ನು ಕೇಳಿ.

ಸಂಬಳದಲ್ಲಿ ಒಂದು ಸೋರಿಕೆಯೂ ಉಂಟು. ಹುಳಿಯುವಾಗ ಹುಟ್ಟುವ ಜಲಜನಕವನ್ನು ಆರ್ಕಿಯಾ ಎಂಬ ಇನ್ನೊಂದು ಪಂಗಡ ಮೀಥೇನ್ ಮಾಡಿಬಿಡುತ್ತದೆ. ಹಸು ಅದನ್ನು ತೇಗಿ ಹೊರಗೆ ಬಿಡುತ್ತದೆ, ದೊಡ್ಡ ತಳಿಯದಾದರೆ ದಿನಕ್ಕೆ 250ರಿಂದ 500 ಲೀಟರು. ಭೂಮಿ ಬಿಸಿಯಾಗುವುದಕ್ಕೆ ಇದೂ ಒಂದು ಕಾರಣ ಅಂತ ಪತ್ರಿಕೆಗಳು ಹಸುವನ್ನು ಬೈಯುತ್ತವೆ. ಹಸುವಿಗೂ ಅದು ತಿಂದ ಮೇವಿನ ನಷ್ಟವೇ. ಬೆಂಗಳೂರಿನ ಆಡುಗೋಡಿಯಲ್ಲಿ 1995ರಲ್ಲಿ ಶುರುವಾದ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯವರು, ಒಗರು ಹೆಚ್ಚಿರುವ ಗಿಡಗಳಿಂದ 'ಹರಿತ ಧಾರಾ' ಎಂಬ ಮೇವಿನ ಪುಡಿ ಮಾಡಿದ್ದಾರೆ. ಅದರಿಂದ ಮೀಥೇನ್ ನೂರಕ್ಕೆ 17ರಿಂದ 20ರಷ್ಟು ಇಳಿಯುತ್ತದೆ ಅಂತ ಅವರ ಲೆಕ್ಕ.

ಒಳಗಿನವರಿಗೂ ಸೋಲದ್ದು ಒಂದಿದೆ, ಲಿಗ್ನಿನ್. ಕಡ್ಡಿಯನ್ನು ಗಟ್ಟಿ ಮಾಡುವ ಈ ವಸ್ತು ಹಾಗೆಯೇ ಸಗಣಿಗೆ ಬರುತ್ತದೆ. ಕಲ್ಕತ್ತೆಯ ರೈಲು ದಾರಿಯ ಪಕ್ಕದ ಗೋಡೆಗಳ ಮೇಲೆ ಬೆರಣಿ ತಟ್ಟಿರುತ್ತಾರೆ, 'ಘುಂಟೆ' ಅಂತ ಹೆಸರು, ಪ್ರತಿಯೊಂದರ ಮೇಲೂ ಐದು ಬೆರಳಿನ ಗುರುತು. ಅದು ಒಲೆಯಲ್ಲಿ ಅಷ್ಟು ಹೊತ್ತು ಉರಿಯುವುದು ಅಷ್ಟೊಂದು ಬಾಯಿಗಳು ತಿಂದು ಉಳಿಸಿದ ನಾರು ಮತ್ತು ಲಿಗ್ನಿನ್ನಿನಿಂದ.

ಮಾಸಿಯ ಬಕೆಟ್ಟಿನ ವಿಷಯ ಮರೆತೆ. ನನ್ನ ಬಂಗಾಳಿ ಕೇಳಿ ಸಾಕಾಗಿ ಅವರು ಒಂದು ಬಕೆಟ್ ವಾಪಸು ಒಯ್ದರು. ಇನ್ನೊಂದರಲ್ಲಿ ಅರ್ಧವನ್ನು ಬೀದಿನಾಯಿಗಳಿಗೆ ಸುರಿದು, ಉಳಿದರ್ಧ ಹಸುವಿನ ಮುಂದೆ ಇಟ್ಟು, ನನ್ನ ಕಡೆ ತಿರುಗಿಯೂ ನೋಡದೆ ಹೋದರು. ಸಂಜೆ ಢಾಕದ ಬಡಿತ ಶುರುವಾಗುವ ಮುಂಚೆ ಹೋಗಿ ನೋಡಿದೆ. ಪೆಂಡಾಲಿಗೆ ತಂದು ಉಳಿದ ಒಣಹುಲ್ಲಿನ ಮೇಲೆ ಮಲಗಿ ಅದು ದವಡೆ ಆಡಿಸುತ್ತಿತ್ತು. ನಿಂತು ಎಣಿಸಿದೆ. ಒಂದು ಉಂಡೆಗೆ ಐವತ್ತೆರಡು ಸಲ. ಆಮೇಲೆ ಗಂಟಲಲ್ಲಿ ಇನ್ನೊಂದು ಉಂಡೆ ಮೇಲೇರಿತು.